ಡೇರೆ ಹಾಕುವ ನೆಲ ಯಾರ ಲೆಕ್ಕಕ್ಕೆ?

2025ರ ಮೇ ತಿಂಗಳಲ್ಲಿ ಅಮೆರಿಕದ ಟ್ರಂಪ್ ಆಡಳಿತ ಮುಂದಿನ ವರ್ಷದ ಬಜೆಟ್ ಪ್ರಸ್ತಾವವನ್ನು ಸಂಸತ್ತಿನ ಮುಂದಿಟ್ಟಿತು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ನಿರ್ವಹಣೆ ಹಣದಲ್ಲಿ ಸುಮಾರು 90 ಕೋಟಿ ಡಾಲರ್ ಕಡಿತ ಮಾಡಬೇಕೆಂಬ ಮಾತು ಅದರಲ್ಲಿತ್ತು. ಕೊಟ್ಟ ಕಾರಣ ಇಷ್ಟು: ಈ ಇಲಾಖೆಯ ಕೈಯಲ್ಲಿರುವ 430ಕ್ಕೂ ಹೆಚ್ಚು ತಾಣಗಳಲ್ಲಿ ಬಹಳಷ್ಟು ಜನರ ಮನಸ್ಸಿನಲ್ಲಿರುವಂಥ ರಾಷ್ಟ್ರೀಯ ಉದ್ಯಾನಗಳೇ ಅಲ್ಲ, ಅಲ್ಲಿಗೆ ಬರುವವರು ಹೆಚ್ಚಾಗಿ ಆಸುಪಾಸಿನವರು, ಹಾಗಾಗಿ ಅವನ್ನು ಆಯಾ ರಾಜ್ಯಗಳಿಗೆ ಒಪ್ಪಿಸುವುದು ಸೂಕ್ತ. ಅದೇ ವರ್ಷದ ಫೆಬ್ರುವರಿಯಲ್ಲಿ ರಾಷ್ಟ್ರೀಯ ಅರಣ್ಯಗಳನ್ನು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್‌ನ ಸುಮಾರು 3,400 ಮತ್ತು ಪಾರ್ಕ್ ಸರ್ವಿಸ್‌ನ ಸುಮಾರು 1,000 ನೌಕರರನ್ನು ಕೆಲಸದಿಂದ ತೆಗೆಯುವ ಆದೇಶ ಹೊರಟಿತ್ತು. ಬೇಸಿಗೆ ಹತ್ತಿರವಾಗುತ್ತಿದ್ದಂತೆ ಸಿಬ್ಬಂದಿ ಇಲ್ಲವೆಂದು ಹಲವು ಅಣೆಕಟ್ಟೆಗಳ ದಂಡೆಯ ಡೇರೆ ತಾಣಗಳು (ಕ್ಯಾಂಪ್‌ಗ್ರೌಂಡ್‌ಗಳು) ಮುಚ್ಚಿದವು. ಇದರೊಂದಿಗೆ ಹಳೆಯದೊಂದು ಪ್ರಶ್ನೆ ಮತ್ತೆ ಚರ್ಚೆಗೆ ಬಂತು. ಫೆಡರಲ್ ಸರ್ಕಾರ ನಡೆಸುತ್ತಿರುವ ಸಾರ್ವಜನಿಕ ಕ್ಯಾಂಪ್‌ಗ್ರೌಂಡ್‌ಗಳನ್ನು ರಾಜ್ಯಗಳೇ ವಹಿಸಿಕೊಂಡು, ಅವುಗಳ ಖರ್ಚನ್ನೂ ತಾವೇ ಹೊರಬೇಕೆ? ಕೇಳಲು ಒಂದೇ ಪ್ರಶ್ನೆ ಎನಿಸಿದರೂ ಇದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ: ನೆಲ ಯಾರದು, ಅಲ್ಲಿ ದಿನನಿತ್ಯದ ಕೆಲಸ ಮಾಡುವವರು ಯಾರು, ಹಣ ಕೊಡುವವರು ಯಾರು. ಮೂರಕ್ಕೂ ಒಂದೇ ಉತ್ತರ ಇರಬೇಕೆಂದು ಎರಡೂ ಕಡೆಯವರು ಹಟ ಹಿಡಿದಿರುವುದೇ ಈ ವಾದ ಮುಂದೆ ಸಾಗದಿರಲು ಕಾರಣ ಎಂಬುದು ನನ್ನ ಅಭಿಪ್ರಾಯ.

ನಮ್ಮ ಓದುಗರಿಗೆ ಮೊದಲು ಅಲ್ಲಿನ ವ್ಯವಸ್ಥೆಯ ಪರಿಚಯ ಆಗಬೇಕು. ಹೋಲಿಕೆಗೆ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನವನ್ನು ನೋಡಿ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಆದರೂ ಅಲ್ಲಿನ ಆರ್‌ಎಫ್‌ಒ, ಗಾರ್ಡು, ವಾಚರ್ ಎಲ್ಲರೂ ಕರ್ನಾಟಕ ಅರಣ್ಯ ಇಲಾಖೆಯವರು. ದಿಲ್ಲಿ ಯೋಜನೆಯ ಖರ್ಚಿನಲ್ಲಿ ಪಾಲು ಕೊಡುತ್ತದೆ, ನಿಯಮ ಮಾಡುತ್ತದೆ. ಕಾಡು ಕಾಯುವುದು ರಾಜ್ಯ. ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಸುಮಾರು 64 ಕೋಟಿ ಎಕರೆ, ಅಂದರೆ ದೇಶದ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ನೇರವಾಗಿ ಫೆಡರಲ್ ಸರ್ಕಾರದ್ದು. ಅದನ್ನು ಕಾಯುವ ಸಿಬ್ಬಂದಿಯೂ ವಾಷಿಂಗ್ಟನ್ನಿನ ಸಂಬಳದವರು. ಈ ನೆಲದಲ್ಲಿ ಡೇರೆ ಹಾಕಲು ಜಾಗ ಮಾಡಿಕೊಟ್ಟಿರುವ ಮುಖ್ಯ ಸಂಸ್ಥೆಗಳು ನಾಲ್ಕು. 19.3 ಕೋಟಿ ಎಕರೆ ಕಾಡು ನೋಡಿಕೊಳ್ಳುವ ಫಾರೆಸ್ಟ್ ಸರ್ವಿಸ್, ರಾಷ್ಟ್ರೀಯ ಉದ್ಯಾನಗಳ ಪಾರ್ಕ್ ಸರ್ವಿಸ್, ಪಶ್ಚಿಮದ ಒಣ ಬಯಲುಗಳನ್ನು ಹಿಡಿದಿರುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಮತ್ತು ಅಣೆಕಟ್ಟು ಕಟ್ಟಿ ಅದರ ಹಿನ್ನೀರಿನ ದಂಡೆಯಲ್ಲಿ ಜನರಿಗೆ ಜಾಗ ಬಿಟ್ಟಿರುವ ಸೇನೆಯ ಎಂಜಿನಿಯರಿಂಗ್ ವಿಭಾಗ. ಫಾರೆಸ್ಟ್ ಸರ್ವಿಸ್ ಒಂದರ ಕೈಯಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕ್ಯಾಂಪ್‌ಗ್ರೌಂಡ್‌ಗಳಿವೆ. ಇವುಗಳ ಪಕ್ಕದಲ್ಲೇ ಐವತ್ತು ರಾಜ್ಯಗಳ ಸ್ಟೇಟ್ ಪಾರ್ಕ್‌ಗಳು ಬೇರೆಯೇ ಆಗಿ ನಡೆಯುತ್ತವೆ.

ಕ್ಯಾಂಪ್‌ಗ್ರೌಂಡ್ ಎಂದರೆ ಕಾಡಿನ ನಡುವೆ ಖಾಲಿ ಬಿಟ್ಟ ಬಯಲು ಎಂದುಕೊಂಡರೆ ಈ ಚರ್ಚೆ ಅರ್ಥವಾಗುವುದಿಲ್ಲ. ಅದು ಸಣ್ಣದೊಂದು ಊರಿನಷ್ಟೇ ಸೌಕರ್ಯ ಬೇಡುವ ಸಾರ್ವಜನಿಕ ಕಾಮಗಾರಿ. 1920ರ ದಶಕದಲ್ಲಿ ಕಾರು ಕೊಂಡ ಜನ ಕಾಡಿಗೆ ನುಗ್ಗಿ ತೋಚಿದ ಮರದ ಕೆಳಗೆ ನಿಲ್ಲಿಸತೊಡಗಿದಾಗ, ಚಕ್ರಕ್ಕೆ ಸಿಕ್ಕಿದ ಮಣ್ಣು ಗಟ್ಟಿಯಾಗಿ ಬೇರಿಗೆ ನೀರೂ ಗಾಳಿಯೂ ಸಿಗದೆ ದೊಡ್ಡ ದೊಡ್ಡ ಮರಗಳು ಸೊರಗುತ್ತಿರುವುದನ್ನು ಕಂಡವರು ಇ. ಪಿ. ಮೈನೆಕೆ ಎಂಬ ಸಸ್ಯರೋಗ ತಜ್ಞ. ಅವರು ಸೂಚಿಸಿದ ವಿನ್ಯಾಸವೇ ಇವತ್ತಿಗೂ ಬಳಕೆಯಲ್ಲಿದೆ: ಒಂದೇ ದಿಕ್ಕಿನಲ್ಲಿ ಸುತ್ತಿ ಬರುವ ರಸ್ತೆ, ಅದರಿಂದ ಓರೆಯಾಗಿ ಒಡೆದ ಗಿಡ್ಡ ಕವಲುಗಳು, ಕಾರು ಅದರಾಚೆ ಹೋಗದಂತೆ ನೆಟ್ಟ ಬಂಡೆಗಳು, ಕವಲಿನ ತುದಿಯಲ್ಲಿ ಒಂದು ಮೇಜು, ಒಲೆಗೊಂದು ಗುರುತು ಮಾಡಿದ ಜಾಗ, ಡೇರೆಗೆ ಸಮ ಮಾಡಿದ ನೆಲ. ಕರಡಿ ಓಡಾಡುವ ಕಡೆ ಊಟದ ಸಾಮಾನು ಇಡಲು ಕಬ್ಬಿಣದ ಪೆಟ್ಟಿಗೆಯೂ ಇರುತ್ತದೆ. ಕೊಳವೆ ನೀರಿಲ್ಲದ ಕಡೆಯ ಕಕ್ಕಸನ್ನೇ ನೋಡಿ. ನೆಲದಡಿ ದೊಡ್ಡ ತೊಟ್ಟಿ, ಅದರಿಂದ ಮೇಲೆದ್ದು ಛಾವಣಿ ದಾಟಿ ನಿಂತ ದಪ್ಪ ಕೊಳವೆ. ಅದಕ್ಕೆ ಕಪ್ಪು ಬಣ್ಣ, ಅದೂ ಬಿಸಿಲು ಬೀಳುವ ಬದಿಗೆ. ಬಿಸಿಲಿಗೆ ಕೊಳವೆ ಕಾದರೆ ಒಳಗಿನ ಗಾಳಿ ಮೇಲೇರಿ ತೊಟ್ಟಿಯ ವಾಸನೆಯನ್ನು ಎಳೆದುಕೊಂಡು ಹೋಗುತ್ತದೆ. ಫಾರೆಸ್ಟ್ ಸರ್ವಿಸ್‌ನ ಎಂಜಿನಿಯರುಗಳು ಕೂತು ಯೋಚಿಸಿ ಮಾಡಿದ ಸರಳ ಉಪಾಯ ಇದು. ಆದರೆ ತೊಟ್ಟಿ ತುಂಬಿದಾಗ ಅದನ್ನು ಹೀರುವ ಲಾರಿ ಬೆಟ್ಟದ ದಾರಿಯಲ್ಲಿ ಗಂಟೆಗಟ್ಟಲೆ ಹತ್ತಿ ಬರಲೇಬೇಕು. ಕುಡಿಯುವ ನೀರಿನ ಪರೀಕ್ಷೆ ತಪ್ಪಿಸುವಂತಿಲ್ಲ. ಡೇರೆಗಳ ಮೇಲೆ ಬೀಳಬಹುದಾದ ಒಣಮರಗಳನ್ನು ಸಮಯಕ್ಕೆ ಸರಿಯಾಗಿ ಗುರುತಿಸಿ ಕಡಿಯಬೇಕು. ಈ ಖರ್ಚುಗಳಲ್ಲಿ ಒಂದನ್ನೂ ಮುಂದೂಡುವಂತಿಲ್ಲ. ಮುಂದೂಡಿದರೆ ಆ ತಾಣವನ್ನು ಮುಚ್ಚಿದಂತೆಯೇ.

ಮುಂದೂಡಿದ್ದು ಮಾತ್ರ ನಿಜ. ಪಾರ್ಕ್ ಸರ್ವಿಸ್ ಒಂದರಲ್ಲೇ ಬಾಕಿ ಬಿದ್ದ ದುರಸ್ತಿ ಕೆಲಸಗಳ ಮೊತ್ತ ಸುಮಾರು 2,300 ಕೋಟಿ ಡಾಲರ್. ಫಾರೆಸ್ಟ್ ಸರ್ವಿಸ್‌ನ ಕಥೆ ಇನ್ನೊಂದು ಬಗೆಯದು. 1995ರಲ್ಲಿ ಅದರ ಬಜೆಟ್ಟಿನ ಶೇ 16ರಷ್ಟನ್ನು ಕಾಳ್ಗಿಚ್ಚು ನುಂಗುತ್ತಿತ್ತು. 2015ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬೆಂಕಿಗೇ ಹೋಗತೊಡಗಿತು. ಬೆಂಕಿ ಆರಿಸುವುದನ್ನು ಬಿಡುವಂತಿಲ್ಲವಾದ್ದರಿಂದ ಕೊರತೆಯ ಪೆಟ್ಟು ಬಿದ್ದದ್ದು ಕಾಲುದಾರಿ, ಕ್ಯಾಂಪ್‌ಗ್ರೌಂಡ್‌ಗಳ ಮೇಲೆ. 2004ರ ಕಾನೂನಿನಂತೆ ಜನ ಕೊಟ್ಟ ಶುಲ್ಕದ ಕನಿಷ್ಠ ಶೇ 80 ಸಾಮಾನ್ಯವಾಗಿ ಅದು ಸಂಗ್ರಹವಾದ ತಾಣದಲ್ಲೇ ಉಳಿಯುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ದಿನದ ಕಸ ಎತ್ತುವುದಕ್ಕೆ ಸಾಕಾಗುವ ಆ ಹಣದಲ್ಲಿ ಅರುವತ್ತು ವರ್ಷ ಹಳೆಯ ನೀರಿನ ಕೊಳವೆ ಬದಲಿಸಲಾಗದು. 2020ರಲ್ಲಿ ಸಂಸತ್ತಿನ ಎರಡೂ ಪಕ್ಷಗಳು ಸೇರಿ ಒಂದು ಕಾನೂನು ಮಾಡಿ, ಐದು ವರ್ಷ ಕಾಲ ವರ್ಷಕ್ಕೆ 190 ಕೋಟಿ ಡಾಲರಿನವರೆಗೆ ದುರಸ್ತಿಗೆಂದೇ ಎತ್ತಿಟ್ಟವು. ಅದರಲ್ಲಿ ಶೇ 70 ಪಾರ್ಕ್ ಸರ್ವಿಸ್‌ಗೆ, ಶೇ 15 ಫಾರೆಸ್ಟ್ ಸರ್ವಿಸ್‌ಗೆ. ಆ ಐದು ವರ್ಷಗಳ ಗಡುವು 2025ರೊಂದಿಗೆ ಮುಗಿಯುವಂತಿತ್ತು. ರಾಜ್ಯಗಳಿಗೆ ಒಪ್ಪಿಸಿಬಿಡೋಣ ಎಂಬ ಮಾತು ಎದ್ದದ್ದೂ ಅದೇ ವರ್ಷ.

ರಾಜ್ಯಗಳ ಪರವಾದ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೇಶದ ಸ್ಟೇಟ್ ಪಾರ್ಕ್‌ಗಳಿಗೆ ವರ್ಷಕ್ಕೆ 80 ಕೋಟಿಗೂ ಹೆಚ್ಚು ಭೇಟಿಗಳು ಆಗುತ್ತವೆ. ಪಾರ್ಕ್ ಸರ್ವಿಸ್ ತಾಣಗಳಿಗೆ ದಾಖಲೆಯ ವರ್ಷವಾದ 2024ರಲ್ಲೂ ಆದ ಭೇಟಿ 33 ಕೋಟಿಯಷ್ಟು. ನೆಲದ ಲೆಕ್ಕದಲ್ಲಿ ರಾಜ್ಯಗಳದ್ದು ತೀರ ಕಡಿಮೆಯಾದರೂ ಜನರನ್ನು ಸಂಭಾಳಿಸುವುದರಲ್ಲಿ ಅವು ಪಳಗಿವೆ. ವಿದ್ಯುತ್ ಸಂಪರ್ಕ, ಬಿಸಿನೀರಿನ ಸ್ನಾನದ ಮನೆ, ಮಕ್ಕಳ ಆಟದ ಜಾಗ ಇರುವುದು ಹೆಚ್ಚಾಗಿ ಸ್ಟೇಟ್ ಪಾರ್ಕಿನಲ್ಲೇ. ಅದಕ್ಕಿಂತ ಗಟ್ಟಿಯಾದ ವಾದ ವಾಷಿಂಗ್ಟನ್ನಿನ ಜಗಳಗಳದ್ದು. ಬಜೆಟ್ ಒಪ್ಪಿಗೆಯಾಗದೆ 2013ರ ಅಕ್ಟೋಬರಿನಲ್ಲಿ ಫೆಡರಲ್ ಸರ್ಕಾರ ಹದಿನಾರು ದಿನ ಸ್ತಬ್ಧವಾದಾಗ ಉದ್ಯಾನಗಳ ಗೇಟಿಗೆ ಬೀಗ ಬಿತ್ತು. ಪ್ರವಾಸಿಗರನ್ನೇ ನಂಬಿದ ಊರುಗಳು ಕಂಗಾಲಾದವು. ಆಗ ಯೂಟಾ ರಾಜ್ಯ ತನ್ನ ಬೊಕ್ಕಸದಿಂದ 16 ಲಕ್ಷಕ್ಕೂ ಹೆಚ್ಚು ಡಾಲರ್ ಕಳುಹಿಸಿ ಎಂಟು ತಾಣಗಳನ್ನು ತೆರೆಸಿತು. ಅರಿಜೋನಾ ಗ್ರ್ಯಾಂಡ್ ಕ್ಯಾನ್ಯನ್ ತೆರೆಯಲು ದಿನಕ್ಕೆ 93,000 ಡಾಲರ್ ಕೊಟ್ಟಿತು. 2018ರ ಡಿಸೆಂಬರಿನಿಂದ 35 ದಿನ ನಡೆದ ಸ್ಥಗಿತದಲ್ಲಿ ಗೇಟು ತೆರೆದೇ ಇತ್ತು, ಕಾಯುವವರು ಇರಲಿಲ್ಲ. ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನದಲ್ಲಿ ಕಸ ಗುಡ್ಡೆ ಬಿತ್ತು, ಕಕ್ಕಸುಗಳು ತುಂಬಿದವು, ಮರುಭೂಮಿಯ ಮೇಲೆ ಗಾಡಿ ಓಡಿಸಿದರು, ಉದ್ಯಾನಕ್ಕೆ ಹೆಸರು ಕೊಟ್ಟ ಮರಗಳನ್ನೇ ಕಡಿದರು. ಇಷ್ಟಾದ ಮೇಲೂ ನಮ್ಮ ನೆರೆಯ ಕಾಡಿನ ಬೀಗದ ಕೈ ದೂರದ ವಾಷಿಂಗ್ಟನ್ನಿನಲ್ಲೇ ಇರಬೇಕೆ ಎಂದು ಯೂಟಾದವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಆದರೆ ರಾಜ್ಯಕ್ಕೆ ಒಪ್ಪಿಸುವ ಈ ಪ್ರಯೋಗ ಹೊಸದಲ್ಲ. ಎಲ್ಲಕ್ಕಿಂತ ಹೆಸರಾದ ಉದ್ಯಾನದಲ್ಲೇ ಅದು ಒಮ್ಮೆ ನಡೆದುಹೋಗಿದೆ. 1864ರ ಜೂನ್ 30ರಂದು, ಅಂತರ್ಯುದ್ಧ ನಡೆಯುತ್ತಿದ್ದಾಗಲೇ, ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾನೂನಿನಿಂದ ಯೊಸೆಮಿಟಿ ಕಣಿವೆಯೂ ಮಾರಿಪೋಸಾದ ದೈತ್ಯ ಸಿಕ್ವೋಯಾ ಮರಗಳ ತೋಪೂ ಕ್ಯಾಲಿಫೋರ್ನಿಯಾ ರಾಜ್ಯದ ಪಾಲಾದವು. ಜನರ ಬಳಕೆಗೆಂದೇ ಇಟ್ಟುಕೊಳ್ಳಬೇಕು, ಎಂದೆಂದಿಗೂ ಮಾರಬಾರದು ಎಂಬುದು ಷರತ್ತು. ಜೊತೆಗೆ ಒಂದು ಡಾಲರೂ ಬರಲಿಲ್ಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮೊದಲ ಉಸ್ತುವಾರಿ ಮಂಡಳಿಯಲ್ಲಿದ್ದರು. 1865ರಲ್ಲಿ ಅವರು ದೂರಾಲೋಚನೆಯ ಒಂದು ವರದಿ ಬರೆದು, ರಸ್ತೆ ಮೊದಲಾದವಕ್ಕೆ 37,000 ಡಾಲರ್ ಬೇಕೆಂದರು. ಮಂಡಳಿಯ ಕೆಲವರೇ ಆ ವರದಿಯನ್ನು ಶಾಸನಸಭೆಗೆ ಮುಟ್ಟದಂತೆ ಅದುಮಿದರು. ರಾಜ್ಯದ ಭೂವಿಜ್ಞಾನ ಸಮೀಕ್ಷೆಗೆ ಸಿಗುವ ಹಣ ಇದರಿಂದ ಕಡಿಮೆಯಾದೀತು ಎಂಬ ಭಯವೇ ಅದಕ್ಕೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಕಣಿವೆಯ ಕಾವಲಿಗೆ ನೇಮಕವಾದ ಗೇಲನ್ ಕ್ಲಾರ್ಕ್‌ಗೆ ಗೊತ್ತುಮಾಡಿದ ಸಂಬಳ ವರ್ಷಕ್ಕೆ 500 ಡಾಲರ್. ಅದೂ ವರ್ಷಗಟ್ಟಲೆ ಕೈಗೆ ಬರಲಿಲ್ಲ. ಹಣವಿಲ್ಲದ ಮಂಡಳಿ ಹೋಟೆಲು, ಗಾಡಿಯವರ ಕೈಗೆ ಕಣಿವೆಯನ್ನು ಬಿಟ್ಟಿತು. ಹುಲ್ಲುಗಾವಲಿಗೆ ಬೇಲಿ ಬಿತ್ತು, ಕುದುರೆಗಳ ಮೇವಿಗಾಗಿ ನೇಗಿಲು ಹೂಡಿದರು. 1890ರಲ್ಲಿ ಸುತ್ತಲಿನ ಬೆಟ್ಟಗಳು ರಾಷ್ಟ್ರೀಯ ಉದ್ಯಾನವಾದಾಗ ನಡುವಿನ ಕಣಿವೆ ಮಾತ್ರ ರಾಜ್ಯದ್ದಾಗಿ ಉಳಿಯಿತು. 1903ರ ಮೇ ತಿಂಗಳಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟರನ್ನು ಅಲ್ಲಿನ ಮರಗಳ ಕೆಳಗೆ ಮೂರು ರಾತ್ರಿ ಮಲಗಿಸಿ, ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಮನವೊಲಿಸಿದರು. 1905ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ತಾನೇ ಮತ ಹಾಕಿ ಮರಳಿಸಲು ಒಪ್ಪಿತು, 1906ರಲ್ಲಿ ಕಣಿವೆ ಮತ್ತೆ ಫೆಡರಲ್ ನೆಲವಾಯಿತು. ಕ್ಯಾಲಿಫೋರ್ನಿಯಾದವರು ಅಯೋಗ್ಯರಾಗಿದ್ದರು ಎಂದು ಇದನ್ನು ಓದಬಾರದು. ಹಣವಿಲ್ಲದ ಹೊಣೆ ಯಾರ ಕೈಗೆ ಹೋದರೂ ಆಗುವುದು ಇದೇ.

ಅದು ನೂರೈವತ್ತು ವರ್ಷದ ಹಿಂದಿನ ಮಾತು, ಇಂದಿನ ರಾಜ್ಯಗಳು ಶ್ರೀಮಂತ, ಸಮರ್ಥ ಎನ್ನಬಹುದು. ಹಾಗಾದರೆ 2008ರ ಆರ್ಥಿಕ ಕುಸಿತದ ನಂತರ ಏನಾಯಿತೆಂದು ನೋಡೋಣ. ಅಮೆರಿಕದ ರಾಜ್ಯಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಾನೂನಿನ ಪ್ರಕಾರ ವರ್ಷದ ಆದಾಯದೊಳಗೇ ಖರ್ಚು ಮುಗಿಸಬೇಕು. ಫೆಡರಲ್ ಸರ್ಕಾರದಂತೆ ಸಾಲ ಮಾಡಿ ಕೊರತೆ ತುಂಬುವಂತಿಲ್ಲ. ತೆರಿಗೆ ಕುಸಿದ ವರ್ಷ ಶಾಲೆ, ಆಸ್ಪತ್ರೆ, ಜೈಲುಗಳಿಗೆ ಕೈ ಹಾಕಲಾಗದು, ಆದ್ದರಿಂದ ಮೊದಲ ಕತ್ತರಿ ಉದ್ಯಾನಗಳಿಗೆ. ಅರಿಜೋನಾದ ಉದ್ಯಾನ ಮಂಡಳಿ 2010ರ ಜನವರಿಯಲ್ಲಿ 13 ಸ್ಟೇಟ್ ಪಾರ್ಕ್‌ಗಳನ್ನು ಮುಚ್ಚಲು ತೀರ್ಮಾನಿಸಿತು. ಅಕ್ಕಪಕ್ಕದ ಊರುಗಳು, ಸಂಘಗಳು ಹಣ ಕೂಡಿಸಿದ್ದರಿಂದ ಹಲವು ಉಳಿದುಕೊಂಡವು. ಮೂರು ವರ್ಷದ ಮೇಲೆ ಗ್ರ್ಯಾಂಡ್ ಕ್ಯಾನ್ಯನ್ನಿಗೆ ದಿನಕ್ಕೆ 93,000 ಡಾಲರ್ ತೆತ್ತದ್ದು ಇದೇ ರಾಜ್ಯ. ಹದಿನಾರು ದಿನದ ಬಿಕ್ಕಟ್ಟಿಗೆ ಹಣ ಹೊಂದಿಸುವುದು ಸಾಧ್ಯ, ಹದಿನಾರು ವರ್ಷಕ್ಕೆ ಹೊಂದಿಸುವುದು ಬೇರೆ ಮಾತು. ಕ್ಯಾಲಿಫೋರ್ನಿಯಾ 2011ರಲ್ಲಿ ಇನ್ನೂ ಮುಂದೆ ಹೋಗಿ, ವರ್ಷಕ್ಕೆ 2.2 ಕೋಟಿ ಡಾಲರ್ ಉಳಿಸಲು 278ರಲ್ಲಿ 70 ಪಾರ್ಕ್‌ಗಳನ್ನು ಮುಚ್ಚುವ ಪಟ್ಟಿ ಹೊರಡಿಸಿತು. ಆಗ ಟೊಮಾಲೆಸ್ ಬೇ, ಸ್ಯಾಮ್ಯುಯೆಲ್ ಪಿ. ಟೇಲರ್, ಡೆಲ್ ನಾರ್ಟೆ ಕೋಸ್ಟ್ ರೆಡ್‌ವುಡ್ಸ್ ಎಂಬ ಮೂರು ಸ್ಟೇಟ್ ಪಾರ್ಕ್‌ಗಳಿಗೆ ಆಸರೆ ಕೊಟ್ಟದ್ದು ಯಾರು? ಪಕ್ಕದಲ್ಲೇ ಇದ್ದ ಫೆಡರಲ್ ಪಾರ್ಕ್ ಸರ್ವಿಸ್. ಮರುವರ್ಷ ಆ ರಾಜ್ಯದ ಉದ್ಯಾನ ಇಲಾಖೆಯ ಎರಡು ನಿಧಿಗಳಲ್ಲಿ ಲೆಕ್ಕಕ್ಕೆ ತೋರಿಸದ 5.4 ಕೋಟಿ ಡಾಲರ್ ಪತ್ತೆಯಾಗಿ ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು. ಇನ್ನು ಸರ್ಕಾರ ಸ್ತಬ್ಧವಾಗುವ ಕಾಯಿಲೆ ವಾಷಿಂಗ್ಟನ್ನಿಗೆ ಮಾತ್ರ ಅಂಟಿದ್ದಲ್ಲ: 2011ರ ಜುಲೈಯಲ್ಲಿ ಮಿನ್ನೆಸೋಟ ರಾಜ್ಯ ಸರ್ಕಾರ ಬಜೆಟ್ ಜಗಳದಲ್ಲಿ ಇಪ್ಪತ್ತು ದಿನ ನಿಂತುಹೋದಾಗ, ಜನ ಅತಿ ಹೆಚ್ಚು ಡೇರೆ ಹಾಕುವ ಸ್ವಾತಂತ್ರ್ಯ ದಿನದ ರಜೆಯಲ್ಲೇ ಅಲ್ಲಿನ ಸ್ಟೇಟ್ ಪಾರ್ಕ್‌ಗಳೆಲ್ಲ ಮುಚ್ಚಿದ್ದವು.

ಇನ್ನೊಂದು ಸಂಗತಿಯನ್ನು ರಾಜ್ಯವಾದಿಗಳು ಮರೆಯುತ್ತಾರೆ. ಅವರು ಹೆಮ್ಮೆಪಡುವ ಸ್ಟೇಟ್ ಪಾರ್ಕ್‌ಗಳೇ ಬಹುಮಟ್ಟಿಗೆ ಫೆಡರಲ್ ಹಣದ ಮೇಲೆ ನಿಂತವು. ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1933ರಿಂದ 1942ರವರೆಗೆ, ನಿರುದ್ಯೋಗಿ ಯುವಕರಿಗಾಗಿ ನಡೆದ ಸಿವಿಲಿಯನ್ ಕನ್ಸರ್ವೇಷನ್ ಕೋರ್‌ನಲ್ಲಿ ಸುಮಾರು 30 ಲಕ್ಷ ಹುಡುಗರು ದುಡಿದರು. ಫೆಡರಲ್ ಸಂಬಳ, ಫೆಡರಲ್ ನಕ್ಷೆ, ಪಾರ್ಕ್ ಸರ್ವಿಸ್‌ನ ಮೇಲ್ವಿಚಾರಣೆ. ಅವರ ಕೈಯಲ್ಲಿ ರೂಪುಗೊಂಡ ಸ್ಟೇಟ್ ಪಾರ್ಕ್‌ಗಳು ಏಳುನೂರಕ್ಕೂ ಹೆಚ್ಚು. ವರ್ಜೀನಿಯಾ ರಾಜ್ಯ 1936ರ ಜೂನ್ 15ರಂದು ತನ್ನ ಮೊದಲ ಆರು ಪಾರ್ಕ್‌ಗಳನ್ನು ಒಂದೇ ದಿನ ತೆರೆದದ್ದು ಈ ಹುಡುಗರ ದುಡಿಮೆಯಿಂದ. ಆಮೇಲೆ 1964ರ ಭೂ-ಜಲ ಸಂರಕ್ಷಣಾ ನಿಧಿ ಬಂತು. ಅದರ ಮುಖ್ಯ ಮೂಲ ಕಡಲಾಳದ ತೈಲ, ಅನಿಲ ಗುತ್ತಿಗೆಗಳ ಆದಾಯ; ರಾಜ್ಯ ಒಂದು ಡಾಲರ್ ಹಾಕಿದರೆ ನಿಧಿಯಿಂದ ಇನ್ನೊಂದು ಡಾಲರ್ ಸೇರುತ್ತದೆ. 2020ರ ಕಾನೂನು ಇದಕ್ಕೆ ವರ್ಷಕ್ಕೆ 90 ಕೋಟಿ ಡಾಲರನ್ನು ಖಾಯಂ ಮಾಡಿತು. ಅಂದರೆ ರಾಜ್ಯ ಕಟ್ಟಿ ನಡೆಸುವುದು, ವಾಷಿಂಗ್ಟನ್ ಹಣ ಜೋಡಿಸುವುದು ಎಂಬ ಹದ ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಲೇ ಬಂದಿದೆ. 2025ರ ಪ್ರಸ್ತಾವ ಈ ಹದದ ಮೊದಲರ್ಧ ಉಳಿಸಿಕೊಂಡು ಎರಡನೆಯದನ್ನು ಕೈಬಿಡುತ್ತದೆ. ದುರಸ್ತಿಗೆ ಬಂದ ಹಳೆಯ ಮನೆಯನ್ನು ಮಗನ ಹೆಸರಿಗೆ ಬರೆದು, ಅದರ ಮೇಲಿನ ಸಾಲವನ್ನೂ ಅವನ ತಲೆಗೆ ಕಟ್ಟಿ, ಆಸ್ತಿ ಕೊಟ್ಟೆ ಎಂದು ಹೇಳಿದಂತಾಯಿತು ಇದು.

ರಾಜ್ಯಗಳಿಗೆ ಹಣ ಹುಟ್ಟಿಸಲು ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಮಿಸ್ಸೌರಿಯ ಉದಾಹರಣೆ ನಿಜಕ್ಕೂ ಮೆಚ್ಚುವಂಥದ್ದು. ಅಲ್ಲಿನ ಮತದಾರರು 1984ರಲ್ಲಿ ತಮ್ಮ ಮೇಲೆ ತಾವೇ ಒಂದು ಮಾರಾಟ ತೆರಿಗೆ ಹಾಕಿಕೊಂಡರು: ಹತ್ತು ಡಾಲರಿನ ಸಾಮಾನಿಗೆ ಒಂದು ಸೆಂಟ್. ಅರ್ಧ ಪಾರ್ಕ್‌ಗಳಿಗೆ, ಅರ್ಧ ಮಣ್ಣು-ನೀರಿನ ಸಂರಕ್ಷಣೆಗೆ. ಆಮೇಲೆ ಮತ್ತೆ ಮತ್ತೆ ಮತಕ್ಕೆ ಬಂದಾಗಲೂ ಜನ ಅದನ್ನು ಎತ್ತಿಹಿಡಿದಿದ್ದಾರೆ. ಪಾರ್ಕಿಗೆ ಪ್ರವೇಶ ಶುಲ್ಕವೇ ಇಲ್ಲ. ಓರೆಗಾನ್ 1998ರಿಂದ ಲಾಟರಿ ಹಣದ ಒಂದು ಪಾಲನ್ನು ಪಾರ್ಕ್‌ಗಳಿಗೆ ಮೀಸಲಿಟ್ಟಿದೆ, ಟೆಕ್ಸಸ್ ಕ್ರೀಡಾ ಸಾಮಗ್ರಿಗಳ ಮೇಲಿನ ತೆರಿಗೆಯನ್ನು 2019ರಲ್ಲಿ ಮತದಾನದ ಮೂಲಕ ಇದಕ್ಕೆ ಕಟ್ಟಿಹಾಕಿದೆ. ಆದರೆ ನೆಲವೂ ಜನವೂ ಒಂದೇ ಕಡೆ ಇಲ್ಲ, ತೊಡಕು ಇರುವುದು ಅಲ್ಲಿ. ಮಿಸ್ಸೌರಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಜನ, ರಾಷ್ಟ್ರೀಯ ಅರಣ್ಯ ಸುಮಾರು 15 ಲಕ್ಷ ಎಕರೆ. ಐಡಹೋದಲ್ಲಿ ಸುಮಾರು 20 ಲಕ್ಷ ಜನ, ರಾಷ್ಟ್ರೀಯ ಅರಣ್ಯ 2 ಕೋಟಿ ಎಕರೆ. ನೆವಾಡದ ನೆಲದಲ್ಲಿ ಶೇ 80ರಷ್ಟು ಫೆಡರಲ್, ಯೂಟಾದಲ್ಲಿ ಮೂರರಲ್ಲಿ ಎರಡು ಪಾಲಿಗೆ ಹತ್ತಿರ. ವಯೋಮಿಂಗಿನ ಒಟ್ಟು ಜನಸಂಖ್ಯೆ 6 ಲಕ್ಷ ಮುಟ್ಟುವುದಿಲ್ಲ. ಹತ್ತು ಡಾಲರಿಗೆ ಒಂದು ಸೆಂಟಿನ ತೆರಿಗೆ ಅಲ್ಲಿ ಯಾವ ಮೂಲೆಗೂ ಸಾಲದು. ಯೂಟಾದ ಮೂರು ವಿಶ್ವವಿದ್ಯಾಲಯಗಳು 2014ರಲ್ಲಿ ಲೆಕ್ಕ ಹಾಕಿದಾಗ, ಫೆಡರಲ್ ನೆಲ ವಹಿಸಿಕೊಂಡರೆ ನಿರ್ವಹಣೆಗೇ ವರ್ಷಕ್ಕೆ ಸುಮಾರು 28 ಕೋಟಿ ಡಾಲರ್ ಬೇಕೆಂದು, ತೈಲದ ಬೆಲೆ ಏರಿಯೇ ಇದ್ದರೆ ಮಾತ್ರ ಅದನ್ನು ನಿಭಾಯಿಸಬಹುದೆಂದು ಕಂಡಿತು. ಕಾಡಿನಲ್ಲಿ ಡೇರೆ ಹಾಕುವ ಅವಕಾಶ ತೈಲಬಾವಿಗಳ ಅದೃಷ್ಟಕ್ಕೆ ಜೋತುಬೀಳುವುದನ್ನು ಯಾರೂ ಸುಧಾರಣೆ ಎನ್ನಲಾರರು.

ಹಾಗಿದ್ದರೆ ಓಹಾಯೋದ ತೆರಿಗೆದಾರ ಯೂಟಾದ ಕ್ಯಾಂಪ್‌ಗ್ರೌಂಡಿಗೆ ಏಕೆ ಹಣ ಕೊಡಬೇಕು, ಬಳಸುವವರೇ ಕೊಡಲಿ ಎಂಬ ಆಕ್ಷೇಪ ಬರುತ್ತದೆ. ಓಹಾಯೋದವನು ಕೊಡಬೇಕಾದದ್ದು ಆ ನೆಲ ಅವನದ್ದೂ ಆಗಿರುವುದರಿಂದ. ಈ ಮಾತು ಬರಿಯ ಭಾವುಕತೆ ಅಲ್ಲವೆಂದು ಐಡಹೋ 2021ರಲ್ಲಿ ತೋರಿಸಿಕೊಟ್ಟಿತು: ಜನ ಕಿಕ್ಕಿರಿಯುವ ಕೆಲವು ಸ್ಟೇಟ್ ಪಾರ್ಕ್‌ಗಳಲ್ಲಿ ಹೊರರಾಜ್ಯದವರಿಗೆ ಡೇರೆ ಶುಲ್ಕವನ್ನು ದುಪ್ಪಟ್ಟು ಮಾಡಿತು. ತನ್ನ ನೆಲದಲ್ಲಿ ಹಾಗೆ ಮಾಡುವ ಹಕ್ಕು ಅದಕ್ಕಿದೆ. ಪಕ್ಕದ ರಾಷ್ಟ್ರೀಯ ಅರಣ್ಯದ ಕ್ಯಾಂಪ್‌ಗ್ರೌಂಡಿನಲ್ಲಿ ಐಡಹೋದವನಿಗೂ ನ್ಯೂಜೆರ್ಸಿಯವನಿಗೂ, ಸಿಯಾಟಲ್‌ನಿಂದ ಮಕ್ಕಳೊಂದಿಗೆ ವಾರಾಂತ್ಯಕ್ಕೆ ಹೊರಟ ಕನ್ನಡ ಕುಟುಂಬಕ್ಕೂ ಒಂದೇ ದರ. ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತಲೇ ಇರುವ ವಲಸಿಗರಿಗೆ ಈ ಸಮಾನತೆ ಸಣ್ಣದಲ್ಲ. ಶುಲ್ಕಕ್ಕಿಂತ ದೊಡ್ಡ ಚಿಂತೆ ನೆಲದ್ದು. ಒಕ್ಕೂಟ ಸೇರುವಾಗ ಶಾಲೆಗಳ ಖರ್ಚಿಗೆಂದು ಪಶ್ಚಿಮದ ರಾಜ್ಯಗಳಿಗೆ ಫೆಡರಲ್ ನೆಲ ಸಿಕ್ಕಿತ್ತು. ನೆವಾಡ ತನಗೆ ಸಿಕ್ಕ 20 ಲಕ್ಷಕ್ಕೂ ಹೆಚ್ಚು ಎಕರೆಯಲ್ಲಿ ಕೆಲವೇ ಸಾವಿರ ಬಿಟ್ಟು ಉಳಿದದ್ದನ್ನು ಮಾರಿದೆ. ಯೂಟಾ 2012ರಲ್ಲಿ ಕಾನೂನು ಮಾಡಿ ಫೆಡರಲ್ ನೆಲ ಕೇಳಿತು, 2024ರಲ್ಲಿ 1.85 ಕೋಟಿ ಎಕರೆಗಾಗಿ ನೇರ ಸುಪ್ರೀಂ ಕೋರ್ಟಿಗೇ ಹೋಯಿತು. 2025ರ ಜನವರಿಯಲ್ಲಿ ಕೋರ್ಟು ಆ ಮೊಕದ್ದಮೆ ಕೇಳಲು ಒಪ್ಪಲಿಲ್ಲ. ಅದೇ ವರ್ಷದ ಜೂನಿನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಲಕ್ಷಗಟ್ಟಲೆ ಎಕರೆ ಸಾರ್ವಜನಿಕ ನೆಲ ಮಾರುವ ಪ್ರಸ್ತಾವ ತಂದಾಗ ಬೇಟೆಗಾರರು, ಮೀನು ಹಿಡಿಯುವವರು, ಅವರದೇ ಪಕ್ಷದ ಪಶ್ಚಿಮದ ಸಂಸದರು ತಿರುಗಿಬಿದ್ದು ಅದನ್ನು ಹಿಂತೆಗೆಸಿದರು. ಒಡೆತನದ ವರ್ಗಾವಣೆಗೆ ಜನ ಹೆದರುವುದಕ್ಕೆ ಕಾರಣವಿದೆ.

ಆದರೂ ಇದೇ ಭಯದಲ್ಲಿ ವಾಷಿಂಗ್ಟನ್ನಿನವರೇ ಎಲ್ಲವನ್ನೂ ನಡೆಸಲಿ ಎನ್ನುವವರನ್ನೂ ನಾನು ಒಪ್ಪಲಾರೆ. ಫೆಡರಲ್ ಕ್ಯಾಂಪ್‌ಗ್ರೌಂಡ್ ಎಂದು ಫಲಕ ಹೊತ್ತ ಎಷ್ಟೋ ಜಾಗಗಳನ್ನು ಈಗಾಗಲೇ ಖಾಸಗಿ ಕಂಪನಿಗಳು ನಡೆಸುತ್ತಿವೆ. ಫಾರೆಸ್ಟ್ ಸರ್ವಿಸ್ 1980ರ ದಶಕದಿಂದ ತನ್ನ ಜನಪ್ರಿಯ ತಾಣಗಳನ್ನು ಒಂದೊಂದಾಗಿ ಗುತ್ತಿಗೆಗೆ ಕೊಡುತ್ತ ಬಂದಿದೆ. ಕಾಯ್ದಿರಿಸುವ ವೆಬ್‌ಸೈಟನ್ನು ನಡೆಸುವುದೂ ಬೂಜ್ ಆಲನ್ ಹ್ಯಾಮಿಲ್ಟನ್ ಎಂಬ ಖಾಸಗಿ ಕಂಪನಿಯೇ. ಕಂಪನಿಗೆ ಕೊಡಬಹುದಾದದ್ದನ್ನು, ಮತದಾರರಿಗೆ ಉತ್ತರ ಹೇಳಬೇಕಾದ ರಾಜ್ಯ ಸರ್ಕಾರಕ್ಕೆ ಏಕೆ ಕೊಡಬಾರದು? ಕೊಟ್ಟ ಕಡೆ ಅದು ನಡೆದಿದೆ. ಕ್ಯಾಲಿಫೋರ್ನಿಯಾದ ಉತ್ತರ ತುದಿಯ ರೆಡ್‌ವುಡ್ ಕಾಡುಗಳಲ್ಲಿ ಒಂದು ರಾಷ್ಟ್ರೀಯ ಉದ್ಯಾನವೂ ಮೂರು ಸ್ಟೇಟ್ ಪಾರ್ಕ್‌ಗಳೂ ಒಂದರೊಳಗೊಂದು ಹೆಣೆದುಕೊಂಡಿವೆ. 1994ರಿಂದ ಎರಡೂ ಸರ್ಕಾರಗಳು ಒಟ್ಟಾಗಿ ಅವನ್ನು ನೋಡಿಕೊಳ್ಳುತ್ತಿವೆ. ಕಾರಿನಲ್ಲಿ ಹೋಗಿ ಡೇರೆ ಹಾಕಬಹುದಾದ ನಾಲ್ಕೂ ಕ್ಯಾಂಪ್‌ಗ್ರೌಂಡ್‌ಗಳು ರಾಜ್ಯದವು, ಬರುವವರಿಗೆ ಗಡಿ ಎಲ್ಲಿ ಹಾದುಹೋಗಿದೆ ಎಂಬುದೇ ತಿಳಿಯುವುದಿಲ್ಲ. ಸೇನೆಯ ಎಂಜಿನಿಯರುಗಳ ಅಣೆಕಟ್ಟುಗಳ ದಂಡೆಯಲ್ಲಂತೂ ನೆಲ ಫೆಡರಲ್, ಗುತ್ತಿಗೆ ರಾಜ್ಯಕ್ಕೆ ಎಂಬ ಏರ್ಪಾಡಿನಲ್ಲಿ ಎಷ್ಟೋ ಸ್ಟೇಟ್ ಪಾರ್ಕ್‌ಗಳು ದಶಕಗಳಿಂದ ನಡೆಯುತ್ತಿವೆ. ಆ ದಂಡೆಗಳಿಗೆ ಬರುವವರಲ್ಲಿ ಹೆಚ್ಚಿನವರು ನೆರೆಯ ಊರಿನವರೇ, ಅಲ್ಲಿ ರಾಜ್ಯದ ಉಸ್ತುವಾರಿ ಸಹಜ.

ಒಡೆತನವನ್ನೇ ಬಿಟ್ಟುಕೊಟ್ಟ ದೊಡ್ಡ ಪ್ರಕರಣವೊಂದು ಸೌತ್ ಡಕೋಟದ್ದು, ಇದನ್ನು ಎರಡೂ ಕಡೆಯವರು ಗಮನಿಸಬೇಕು. ಮಿಸ್ಸೌರಿ ನದಿಯ ಅಣೆಕಟ್ಟುಗಳ ದಂಡೆಯಲ್ಲಿದ್ದ ಫೆಡರಲ್ ವಿಹಾರತಾಣಗಳನ್ನು 1999ರ ಕಾನೂನು ಆ ರಾಜ್ಯಕ್ಕೂ ಸೂ ಎಂಬ ಮೂಲನಿವಾಸಿ ಜನಾಂಗದ ಎರಡು ಬುಡಕಟ್ಟುಗಳಿಗೂ ವರ್ಗಾಯಿಸಿತು. ಬರಿಗೈಯಲ್ಲಿ ಅಲ್ಲ, ಜೊತೆಗೆ ಟ್ರಸ್ಟ್ ನಿಧಿಗಳನ್ನೂ ಹುಟ್ಟುಹಾಕಿತು. ಹಣದ ವಿಷಯದಲ್ಲಿ ಇದು ಯೊಸೆಮಿಟಿಯ ತಪ್ಪನ್ನು ತಿದ್ದಿದ ಕಾನೂನು. ಆದರೆ ಅಣೆಕಟ್ಟಿಗಾಗಿ ನೆಲ ಮುಳುಗಿಸಿಕೊಂಡಿದ್ದ ಬೇರೆ ಸೂ ಬುಡಕಟ್ಟುಗಳು ಇದನ್ನು ವಿರೋಧಿಸಿದವು. ಫೆಡರಲ್ ಸರ್ಕಾರದೊಂದಿಗೆ ತಾವು ಮಾಡಿಕೊಂಡ ಒಪ್ಪಂದ, ದಂಡೆಯಲ್ಲಿರುವ ಹಿರಿಯರ ಸಮಾಧಿಗಳ ರಕ್ಷಣೆ, ಎಲ್ಲವೂ ನೆಲ ರಾಜ್ಯದ ಪಾಲಾದೊಡನೆ ಸಡಿಲಾಗುತ್ತವೆಂಬುದು ಅವರ ಮಾತು. ಇದಕ್ಕೆ ಸುಲಭದ ಉತ್ತರ ಇಲ್ಲ. ನಡೆಸುವ ಹೊಣೆ ರಾಜ್ಯಕ್ಕೆ ಹೋದರೂ ನೆಲ ಫೆಡರಲ್ ಆಗಿಯೇ ಇರಲಿ ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಆದ್ದರಿಂದ ಒಪ್ಪಂದ ಆಗುವುದಾದರೆ ಅದರ ಸ್ವರೂಪ ಕಾಣದ್ದೇನಲ್ಲ. ಊರವರೇ ಹೆಚ್ಚಾಗಿ ಬಳಸುವ ದಂಡೆ, ಕಾಡಂಚಿನ ತಾಣಗಳನ್ನು ರಾಜ್ಯಕ್ಕೆ ದೀರ್ಘಾವಧಿಯ ಗುತ್ತಿಗೆಗೆ ಕೊಡಬಹುದು. ಕೊಡುವ ಮೊದಲು ಕೊಳವೆ, ರಸ್ತೆ, ಕಕ್ಕಸುಗಳ ಬಾಕಿ ದುರಸ್ತಿಯನ್ನು ಫೆಡರಲ್ ಸರ್ಕಾರ ಮುಗಿಸಬೇಕು, ಇಲ್ಲವೇ ಅಷ್ಟು ಹಣವನ್ನು ಟ್ರಸ್ಟಿನಲ್ಲಿಡಬೇಕು. ದಿನದ ಖರ್ಚು ಶುಲ್ಕದಿಂದ ನಡೆಯಲಿ, ಆ ಶುಲ್ಕ ಎಲ್ಲ ರಾಜ್ಯದವರಿಗೂ ಒಂದೇ ಆಗಿರಲಿ. ಕಟ್ಟಡ, ನೀರು, ಬೆಂಕಿಯ ದೊಡ್ಡ ಖರ್ಚು ಕಡಲ ತೈಲದ ನಿಧಿಯಂಥ ಖಾಯಂ ಫೆಡರಲ್ ಮೂಲದಿಂದ ಬರಲಿ. ರಾಜ್ಯಕ್ಕೆ ಆಗದೆಹೋದ ದಿನ ತಾಣ ತಾನಾಗಿಯೇ ಫೆಡರಲ್ ಇಲಾಖೆಯ ಕೈಗೆ ಮರಳಬೇಕು ಎಂಬ ಮಾತು ಬರಹದಲ್ಲಿರಬೇಕು. ಇಷ್ಟೊಂದು ಷರತ್ತು ಹಾಕಿದರೆ ವಾಷಿಂಗ್ಟನ್ನಿಗೆ ಉಳಿತಾಯವೇನು ಎಂದು ಬಜೆಟ್ಟಿನವರು ಕೇಳುತ್ತಾರೆ. ಉಳಿತಾಯ ಹೆಚ್ಚೇನೂ ಇಲ್ಲ. ಸಿಗುವುದು ಒಳ್ಳೆಯ ನಿರ್ವಹಣೆ, ಹತ್ತಿರದ ಹೊಣೆಗಾರಿಕೆ. ಉಳಿತಾಯವೇ ಗುರಿಯಾಗಿದ್ದರೆ ಈ ಪ್ರಸ್ತಾವವನ್ನು ರಾಜ್ಯಗಳ ಹಕ್ಕು ಎಂದು ಕರೆಯದೆ ಕಡಿತ ಎಂದೇ ಕರೆದು ಜನರ ಮುಂದಿಡಬೇಕು.

ಷರತ್ತುಗಳು ಕಾಗದದ ಮೇಲಿನ ಮಾತು, ಅವುಗಳಿಂದ ಏನಾದೀತು ಎನ್ನುವವರಿಗೆ 1864ರ ಕಾನೂನನ್ನೇ ತೋರಿಸಬಹುದು. ಅದು ಕ್ಯಾಲಿಫೋರ್ನಿಯಾಕ್ಕೆ ಹಣ ಕೊಡಲಿಲ್ಲ. ಆದರೆ ಕಣಿವೆಯನ್ನು ಮಾರಲು ಬಿಡಲಿಲ್ಲ. ಗುತ್ತಿಗೆ ಕೊಟ್ಟರೂ ಹತ್ತು ವರ್ಷ ಮೀರುವಂತಿರಲಿಲ್ಲ, ಗುತ್ತಿಗೆಯಿಂದ ಬಂದದ್ದನ್ನು ಆ ನೆಲದ ರಕ್ಷಣೆಗೇ ಹಾಕಬೇಕಿತ್ತು. ಬೇಲಿ ಹಾಕಿದವರಿಗೂ ನೇಗಿಲು ಹೂಡಿದವರಿಗೂ ಅಲ್ಲಿ ಒಡೆತನ ಸಿಗಲಿಲ್ಲ. ನಲವತ್ತು ವರ್ಷ ರಾಜ್ಯದ ಕೈಯಲ್ಲಿ ಸೊರಗಿದ ಮೇಲೂ 1906ರಲ್ಲಿ ಹಿಂದಕ್ಕೆ ಪಡೆಯಲು ಆ ಕಣಿವೆ ಒಂದಿಂಚೂ ಮಾರಾಟವಾಗದೆ ಉಳಿದಿತ್ತು.